ಬಸಿಗಾಲುವೆಗಳ ನಾಡಿನಲ್ಲಿ ಅಧ್ಯಕ್ಷರ ಹಿಂದೆ ಸೈಕಲ್ ಸವಾರಿ

ಮಾನ್ಯ ವಾಚಕರ ಸನ್ನಿಧಾನಕ್ಕೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ಕಾಗುಣಿತದ ದೋಷಗಳು ಇರುವುದು ನಿಶ್ಚಿತ. ಅವುಗಳಿಗಾಗಿ ಮೊದಲೇ ಕ್ಷಮೆ ಕೋರುತ್ತೇನೆ. ನನ್ನ ಕೈಬರಹವೂ ಅಷ್ಟಕ್ಕಷ್ಟೆ. ಮೊದಲ ಪ್ರತಿಯನ್ನು ನೋಡಿದ ಬೈಲಹೊಂಗಲದ ಮುದ್ರಣಾಲಯದವರು ಇದು ಕನ್ನಡವೋ ಮೋಡಿ ಲಿಪಿಯೋ ಎಂದು ಕೇಳಿ ಹಿಂದಿರುಗಿಸಿದ್ದರಿಂದ ಎರಡನೆಯ ಸಲ ಬರೆದಿದ್ದೇನೆ. ಠರಾವು, ನೋಟೀಸು, ಸಭೆಯ ನಡಾವಳಿ ಇವುಗಳ ಹೊರತು ಬೇರೇನನ್ನೂ ಬರೆದವನು ನಾನಲ್ಲ. ಸಂಘದ ಸ್ಮರಣ ಸಂಚಿಕೆಗೆ ಪ್ರವಾಸ ಕಥನವೊಂದು ಬೇಕೆಂದು ಆಡಳಿತ ಮಂಡಳಿಯು ಮೌಖಿಕವಾಗಿ ಆದೇಶಿಸಿದ ಪ್ರಯುಕ್ತ ಈ ಸಾಹಸ.

ಹೊರಡುವುದಕ್ಕೆ ಮುನ್ನ

ನಮ್ಮೂರು ಸವದತ್ತಿಯಿಂದ ರಾಮದುರ್ಗದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಕಾಲುವೆ ಬಂದ ಮೇಲೆ ನಮ್ಮ ಎರೆಹೊಲಗಳಿಗೆ ನೀರು ಸಿಕ್ಕಿತು. ಸಿಕ್ಕ ನೀರನ್ನು ಹೊರಗೆ ಕಳಿಸುವ ದಾರಿ ಮಾತ್ರ ಯಾರಿಗೂ ಹೊಳೆಯಲಿಲ್ಲ. ತಗ್ಗಿನ ಹೊಲಗಳು ಜವಳು ಹಿಡಿದು, ಜೋಳ ಬೆಳೆಯುತ್ತಿದ್ದಲ್ಲಿ ಈಗ ಆಳೆತ್ತರದ ಆಪು ಹುಲ್ಲು ಬೆಳೆಯುತ್ತದೆ. ಬೇಸಿಗೆಯಲ್ಲಿ ನೆಲವು ಉಪ್ಪು ಸವರಿದ ಹಾಗೆ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಪರಿಹಾರ ಒಂದೇ: ನಿಂತ ನೀರನ್ನು ಬಸಿದು ಹಳ್ಳಕ್ಕೆ ಒಯ್ಯುವ ಆಳವಾದ ಬಸಿಗಾಲುವೆ. ಸದರಿ ಬಸಿಗಾಲುವೆಯು ಹಳ್ಳವನ್ನು ಮುಟ್ಟಬೇಕಾದರೆ ಮಲ್ಲನಗೌಡರ ಹೊಲವನ್ನು ದಾಟಲೇಬೇಕು.

ಮಲ್ಲನಗೌಡರು ನಮ್ಮ ನೀರು ಬಳಕೆದಾರರ ಸಂಘದ ಅಧ್ಯಕ್ಷರು. ಕುಲಕರ್ಣಿಯಾದ ನಾನು ಕಾರ್ಯದರ್ಶಿ. ಬಸಿಗಾಲುವೆ ತೋಡಬೇಕೆಂಬ ಠರಾವನ್ನು ಗೌಡರೇ ಮಂಡಿಸಿ, ಗೌಡರೇ ಪಾಸು ಮಾಡಿಸಿದರು. ಠರಾವಿನ ಪ್ರಕಾರ ಸಂಬಂಧಪಟ್ಟ ಜಮೀನುದಾರರ ಒಪ್ಪಿಗೆ ಕೇಳಿ ಅಧ್ಯಕ್ಷರ ಸಹಿಯಲ್ಲಿ ನೋಟೀಸು ಹೊರಡಬೇಕು. ಅಧ್ಯಕ್ಷರಾದ ಮಲ್ಲನಗೌಡರು ಜಮೀನುದಾರರಾದ ಮಲ್ಲನಗೌಡರಿಗೆ ಎರಡು ವರ್ಷಗಳಲ್ಲಿ ಮೂರು ನೋಟೀಸು ಕೊಟ್ಟರು. ಜಮೀನುದಾರರಾದ ಮಲ್ಲನಗೌಡರು ಒಂದಕ್ಕೂ ಉತ್ತರ ಕೊಡಲಿಲ್ಲ. ಎದುರಿಗೆ ಕೇಳಿದಾಗ ಅವರು ಹೇಳುತ್ತಿದ್ದುದು ಇಷ್ಟೇ:

"ಮಂದಿ ಬಚ್ಚಲ ನೀರು ನನ್ನ ಹೊಲದಾಗ ಹಾದು ಹೋಗಬೇಕೇನ್ರಿ ಕುಲಕರ್ಣ್ಯಾರ? ಇರಲಿ, ವಿಚಾರ ಮಾಡೂಣು."

ಪರಿಸ್ಥಿತಿ ಹೀಗಿರುವಾಗ ಹಾಲೆಂಡಿನಿಂದ ಹೆಂಕ್ ಸಾಹೇಬರ ಪತ್ರ ಬಂತು. ಇವರು ಜವಳು ಭೂಮಿಯ ಎಂಜಿನಿಯರು. ಹಿಂದೆ ಮೂರು ವರ್ಷ ನಮ್ಮ ಭಾಗದಲ್ಲಿ ಕೆಲಸ ಮಾಡಿ, ನಮ್ಮ ಜನರ ಬಾಯಿಂದಲೇ ಕನ್ನಡ ಕಲಿತವರು. ತಮ್ಮ ದೇಶದ ಬಸಿಗಾಲುವೆಗಳನ್ನು ಬಂದು ನೋಡಬೇಕೆಂದೂ, ಆ ದಾರಿಗಳಲ್ಲಿ ಮೋಟಾರು ಹೋಗದಿರುವುದರಿಂದ ಎಲ್ಲವನ್ನೂ ಸೈಕಲ್ ಮೇಲಿಂದಲೇ ನೋಡತಕ್ಕದ್ದೆಂದೂ ಅಧ್ಯಕ್ಷರನ್ನೂ ನನ್ನನ್ನೂ ಆಮಂತ್ರಿಸಿದ್ದರು. ಆಡಳಿತ ಮಂಡಳಿಯ ಸದಸ್ಯರು ನನ್ನನ್ನು ಒಂದು ಬದಿಗೆ ಕರೆದು, ಒಪ್ಪಿಗೆ ಪತ್ರವನ್ನೂ ನಕ್ಷೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟರು.

"ಅಲ್ಲಿ ಗೌಡ್ರಿಗೆ ಮಾತಾಡಾಕ ನಿಮ್ಮನ್ನ ಬಿಟ್ಟರ ಯಾರೂ ಇರಂಗಿಲ್ಲ," ಎಂದರು ಅವರಲ್ಲಿ ಹಿರಿಯರು. "ಬ್ಯಾಸರಾಗಿ ಆದ್ರೂ ಸಹಿ ಮಾಡ್ತಾರ. ಸಹಿ ಇಲ್ಲದ ತಿರುಗಿ ಬರಬ್ಯಾಡ್ರಿ."

ಹೀಗೆ, ನೋಡುಗರ ಕಣ್ಣಿಗೆ ಅಧ್ಯಯನ ಪ್ರವಾಸವಾಗಿದ್ದ ಇದು ನನ್ನ ಪಾಲಿಗೆ ಒಂದು ಸಹಿಯ ಬೆನ್ನಟ್ಟುವಿಕೆಯಾಗಿತ್ತು.

ಮೊದಲನೆಯ ದಿನ: ಸೈಕಲ್ ಹಂಚಿಕೆ

ಹೆಂಕ್ ಸಾಹೇಬರ ಊರು ಕಡಲ ತೀರದಲ್ಲಿದೆ. ತೀರದಲ್ಲಿದೆ ಎಂದರೆ ಸಾಲದು, ಕಡಲಿನ ಕೆಳಗಿದೆ. ಒಂದು ಎತ್ತರದ ಒಡ್ಡು. ಅದರ ಆಚೆ ಸಮುದ್ರ, ಈಚೆ ಹೊಲ. ಒಡ್ಡಿನ ಮೇಲೆ ನಿಂತು ನೋಡಿದರೆ ಹಡಗುಗಳು ದನಗಳಿಗಿಂತ ಎತ್ತರದಲ್ಲಿ ಸಾಗುತ್ತಿರುತ್ತವೆ. ಗೌಡರು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿ, "ಹೆಂಕ್ ಸಾಹೇಬ್ರ, ಇದನ್ನ ಕಟ್ಟಿದಾಂವ ಕಂತ್ರಾಟುದಾರ ಯಾರ್ರಿ? ನಮ್ಮ ಕಡೆಯಾಂವ ಅಲ್ಲ ಬಿಡ್ರಿ," ಎಂದರು. ನಮ್ಮಲ್ಲಿ ತಾಲೂಕಿನ ಹಳ್ಳಕ್ಕೆ ಕಟ್ಟಿದ ಒಂದು ಬಾಂದಾರವು ಮೊದಲ ಮಳೆಗೇ ಕೊಚ್ಚಿಹೋಗಿ ಬಿಡುಗಡೆ ಪಡೆದದ್ದು ಅವರ ನೆನಪಿಗೆ ಬಂದಿರಬೇಕು.

ಸೈಕಲ್ ಹಂಚಿಕೆಯಲ್ಲಿ ಮೊದಲ ತೊಡಕು ಉದ್ಭವಿಸಿತು. ಗೌಡರು ಧೋತರ, ಬಿಳಿ ಶರ್ಟು, ಬಿಳಿ ಟೊಪ್ಪಿಗೆಯ ಹೊರತು ಬೇರೇನನ್ನೂ ಧರಿಸುವವರಲ್ಲ. ಧೋತರಕ್ಕೆ ಅನುಕೂಲವಾಗಲೆಂದು ಹೆಂಕ್ ಸಾಹೇಬರು ನಡುವೆ ಅಡ್ಡ ಕೊಳವೆ ಇಲ್ಲದ ಸೈಕಲ್ಲನ್ನು ತಂದು ನಿಲ್ಲಿಸಿದರು.

"ಇದು ಹೆಣ್ಮಕ್ಕಳ ಗಾಡಿ," ಎಂದರು ಗೌಡರು.

"ಇಲ್ಲೆ ಎಲ್ಲಾರೂ ಇದನ್ನ ಹೊಡೀತಾರ್ರಿ. ಪಾದ್ರಿ ಸುದ್ದಾ," ಎಂದರು ಹೆಂಕ್ ಸಾಹೇಬರು.

"ಪಾದ್ರಿಗೆ ಮತ್ತ ಎಲೆಕ್ಷನ್ ಇರಂಗಿಲ್ಲ," ಎಂದು ಗೌಡರು ಗೊಣಗಿದರಾದರೂ, ಇದು ಊರಿನವರ ಅವಗಾಹನೆಗೆ ಬರುವುದಿಲ್ಲ ಎಂಬ ಭರವಸೆಯನ್ನು ನನ್ನಿಂದ ಪಡೆದು ಹತ್ತಿದರು. (ಇದನ್ನು ಪ್ರಕಟಿಸಲು ಅನಂತರ ಅವರೇ ಅನುಮತಿ ನೀಡಿರುತ್ತಾರೆ.)

ಈ ಸೈಕಲ್ಲುಗಳಿಗೆ ಕೈಬ್ರೇಕು ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ನಮ್ಮಲ್ಲಿ ಇಳಿಜಾರಿನಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ಹೋಗುವುದೊಂದು ಠೀವಿ. ಆ ಅಭ್ಯಾಸದಿಂದ ನಾನು ಮೊದಲ ಅರ್ಧ ತಾಸಿನಲ್ಲಿ ನಾಲ್ಕು ಸಲ ಕಾರಣವಿಲ್ಲದೆ ನಿಂತು, ಎರಡು ಸಲ ಕಾರಣವಿಲ್ಲದೆ ಬಿದ್ದೆ.

ದಾರಿಗಳ ವ್ಯವಸ್ಥೆ ಮಾತ್ರ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಕಂಬ ನೆಟ್ಟು ಸಂಖ್ಯೆ ಬರೆದಿರುತ್ತಾರೆ. ನಲವತ್ತೇಳರಿಂದ ಐವತ್ತೆರಡಕ್ಕೆ, ಐವತ್ತೆರಡರಿಂದ ಹದಿಮೂರಕ್ಕೆ. ಯಾರನ್ನೂ ಕೇಳಬೇಕಾಗಿಲ್ಲ. ಇಡೀ ದೇಶವನ್ನೇ ಯಾರೋ ಒಬ್ಬ ಒಳ್ಳೆಯ ಗುಮಾಸ್ತರು ಹೊರಹೋಗುವ ಕಾಗದಗಳ ಜಾವಕ ಪುಸ್ತಕದಲ್ಲಿ ನಮೂದಿಸಿ ಇಟ್ಟಂತಿದೆ. ಗೌಡರಿಗೆ ಇದು ಹಿಡಿಸಲಿಲ್ಲ. "ದಾರಿ ಕೇಳದ ಹೋದ್ರ ಮಂದಿ ಗುರ್ತಾಗೂದು ಹೆಂಗ?" ಎಂಬುದು ಅವರ ಆಕ್ಷೇಪಣೆ. ಸಿರಸಂಗಿಗೆ ಹೋಗುವವರು ದಾರಿ ಗೊತ್ತಿದ್ದರೂ ಎರಡು ಕಡೆ ನಿಂತು ಕೇಳುವ ನಾಡಿನವರು ನಾವು. ಆದ್ದರಿಂದ ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ಒಪ್ಪಿದೆ.

ಸಂಜೆ ಚಹದ ಹೊತ್ತಿಗೆ ಗೌಡರು ದಣಿದು ಕುಳಿತಿದ್ದರು. ಸಮಯ ಸೂಕ್ತವೆಂದು ಭಾವಿಸಿ ಒಪ್ಪಿಗೆ ಪತ್ರವನ್ನು ಹೊರತೆಗೆದೆ. ಗೌಡರು ಅದನ್ನು ನೋಡದೆಯೇ, "ಕಾಲ ಹಿಡದಾವ್ರಿ. ಕೈಗೆ ಯಾಕ ತ್ರಾಸ ಕೊಡತೀರಿ?" ಎಂದು ಕಣ್ಣು ಮುಚ್ಚಿದರು.

ಎರಡನೆಯ ದಿನ: ಸಂಖ್ಯೆ ನಲವತ್ತೇಳರಿಂದ ಮುಂದಕ್ಕೆ, ನಿಧಾನವಾಗಿ

ನೆಲ ರೊಟ್ಟಿ ಹಂಚಿನಷ್ಟು ಸಪಾಟಾಗಿದೆ. ಏರೂ ಇಲ್ಲ, ಇಳಿವೂ ಇಲ್ಲ. ಎಲ್ಲಮ್ಮನ ಗುಡ್ಡವನ್ನು ಉಗರಗೋಳದಿಂದ ಕಾಲ್ನಡಿಗೆಯಲ್ಲಿ ಏರಿದವರಿಗೆ ಇದೇನು ಮಹಾ ಎಂದುಕೊಂಡಿದ್ದೆವು. ಆದರೆ ಆ ದೇಶದಲ್ಲಿ ಗುಡ್ಡದ ಕೆಲಸವನ್ನು ಗಾಳಿಗೆ ವಹಿಸಿಕೊಟ್ಟಿದ್ದಾರೆ. ಎತ್ತ ತಿರುಗಿದರೂ ಎದುರುಗಾಳಿ. ಇಕ್ಕೆಲಗಳಲ್ಲಿ ನೀರು ತುಂಬಿದ ಬಸಿಗಾಲುವೆಗಳು, ನೀರಿನ ಅಂಚಿನಲ್ಲಿ ಆಪು, ಆಪಿನ ನಡುವೆ ಸರ್ಕಾರಿ ಕೆಲಸಕ್ಕೆ ಕಾಯುವವರ ಹಾಗೆ ಅಲುಗಾಡದೆ ನಿಂತ ಬೂದು ಕೊಕ್ಕರೆಗಳು.

ಸಂಪ್ರದಾಯದಂತೆ ಗೌಡರು ಮುಂದೆ, ನಾನು ಹಿಂದೆ. ಹಿರಿಯರನ್ನು ಹಿಂದೆ ಹಾಕಿ ಸೈಕಲ್ ಹೊಡೆಯುವುದು ನಮ್ಮಲ್ಲಿ ಸಲ್ಲದು. ಹಿರಿಯರು ಎದುರಿಗೆ ಬಂದರೆ ಕಿರಿಯರು ಇಳಿದು, ನಿಂತು, ಅವರು ದಾಟಿದ ಮೇಲೆ ಹತ್ತತಕ್ಕದ್ದು. ನಮ್ಮೂರಿನಲ್ಲಿ ಗೌಡರನ್ನು ಕಂಡು ಸೈಕಲ್ಲಿನಿಂದ ಇಳಿಯದವರು ಅಂಚೆಯವರೊಬ್ಬರೇ, ಅವರೂ ಕೊಂಚ ಬಾಗುತ್ತಾರೆ. ಇಲ್ಲಿಯಾದರೋ ಎದುರು ಬಂದವರೆಲ್ಲ ಗಂಟೆ ಬಾರಿಸುತ್ತ ಗೌಡರ ಮೊಣಕೈ ಸವರಿಕೊಂಡೇ ಹೋಗತೊಡಗಿದರು. ಹತ್ತನೆಯವರು ಹೋದ ಮೇಲೆ ಗೌಡರು ನಿಂತರು.

"ಹೆಂಕ್ ಸಾಹೇಬ್ರ, ನಿಮ್ಮ ದೇಶದಾಗ ಹಿರ್ಯಾರನ್ನ ಕಂಡ್ರ ಸೈಕಲ್ ಇಳಿಯೂ ಪದ್ಧತಿ ಇಲ್ಲೇನ್ರಿ?"

"ಇಲ್ರಿ ಗೌಡ್ರ," ಎಂದು ಹೆಂಕ್ ಸಾಹೇಬರು ನಕ್ಕರು. "ಮತ್ತ ಈಗ ಹೋದ್ರಲ್ಲ, ಅವರು ಎಲ್ಲಾರೂ ನಿಮಗಿಂತ ಹಿರ್ಯಾರು ಅದಾರ. ಕೆಂಪ ಜಾಕೀಟಿನವರಿಗೆ ಎಂಬತ್ತ ಆಗೇದ."

ಗೌಡರ ಮುಖ ಬಿಳಚಿತು. ಅವರಿಗೆ ಅರವತ್ತಾರು. ಸೈಕಲ್ ಹೊಡೆಯುವ ವಯಸ್ಸಿನವರಲ್ಲಿ ತಮಗಿಂತ ಹಿರಿಯರು ಇರಬಹುದೆಂಬ ಸಂಗತಿ ಅವರ ಲಕ್ಷ್ಯಕ್ಕೆ ಬಂದಿರಲೇ ಇಲ್ಲ.

"ಎಂಬತ್ತು! ಮತ್ತ ನಾ ಹಂಗ ಎದಿ ಸೆಟಿಸಿ ಕುಂತ ಹೋದ್ನಲ್ರಿ! ಛೇ ಛೇ. ಹಂಗಾದ್ರ ಇಳಿಯೂ ಪಾಳಿ ನಂದು."

ಅಂದಿನಿಂದ ಬಿಳಿ ಕೂದಲು ಕಂಡಲ್ಲೆಲ್ಲ ಗೌಡರು ಇಳಿದರು. ಗೌಡರು ಇಳಿದಾಗ ನಾನೂ ಇಳಿಯಲೇಬೇಕು. ಆ ಭಾಗದಲ್ಲಿ ಹಗಲಿನಲ್ಲಿ ಸೈಕಲ್ ಮೇಲೆ ಸಂಚರಿಸುವವರಲ್ಲಿ ಬಿಳಿ ಕೂದಲಿನವರೇ ಬಹುಸಂಖ್ಯಾತರು. ಐವತ್ತೆರಡನೆಯ ಕಂಬವನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಾವು ಇಳಿದು ನಿಂತಿದ್ದನ್ನು ಕಂಡ ವೃದ್ಧರು ಪಂಕ್ಚರಾಗಿದೆ ಎಂದು ತಿಳಿದು ತಾವೂ ಇಳಿದರು. ಒಬ್ಬರು ಪಂಪು ಕೊಟ್ಟರು. ಒಬ್ಬ ವೃದ್ಧೆ ಗೌಡರ ಹಿಂದಿನ ಚಕ್ರವನ್ನು ಒತ್ತಿ ನೋಡಿ, ಗಾಳಿ ಸಾಕಷ್ಟಿದೆ ಎಂದು ಸನ್ನೆಯಿಂದ ದೃಢೀಕರಿಸಿದರು.

"ನೋಡ್ರಿ ಕುಲಕರ್ಣ್ಯಾರ, ಗೌರವಾ ಕೊಟ್ರ ಗೌರವಾ ಬರತೈತಿ," ಎಂದು ಗೌಡರು ಸಂತುಷ್ಟರಾದರು.

ಇಲ್ಲೊಂದು ತಾಂತ್ರಿಕ ಅಂಶವನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ನಾವು ದಾರಿಯ ಎಡಕ್ಕೆ ಚಲಿಸಿ, ಎಡಕ್ಕೇ ಇಳಿಯುವವರು. ಇಳಿದರೆ ದಾರಿಯ ಅಂಚಿನಲ್ಲಿ ನಿಂತಿರುತ್ತೇವೆ. ಅವರು ಬಲಕ್ಕೆ ಚಲಿಸುತ್ತಾರೆ. ಅಲ್ಲಿ ಎಡಕ್ಕೆ ಇಳಿದವರು ದಾರಿಯ ನಟ್ಟನಡುವೆ, ಎದುರು ಬರುವವರ ಚಕ್ರದ ಮುಂದೆಯೇ ನಿಲ್ಲುತ್ತಾರೆ. ಈ ವ್ಯತ್ಯಾಸದ ಪರಿಣಾಮ ಮರುದಿನ ತಿಳಿಯಿತು.

ಅದೇ ದಿನ ಒಂದು ಅಗಲವಾದ ಕಾಲುವೆಯ ದಂಡೆಯಲ್ಲಿ ನಾವು ಮುಕ್ಕಾಲು ತಾಸು ಕಾದೆವು. ಹೆಂಕ್ ಸಾಹೇಬರು ಹಿಂದೆ ಯಾರೊಡನೆಯೋ ಮಾತಿಗೆ ನಿಂತಿದ್ದರು. ದಂಡೆಗೆ ಒಂದು ಚಪ್ಪಟೆ ದೋಣಿ ಕಟ್ಟಿತ್ತು, ಸರಪಳಿಯೂ ಇತ್ತು. ನಡೆಸುವ ಸಿಬ್ಬಂದಿ ಮಾತ್ರ ಇರಲಿಲ್ಲ.

"ಊಟಕ್ಕ ಹೋಗಿರಬೇಕ್ರಿ," ಎಂದೆ ನಾನು.

"ಊಟದ ಮ್ಯಾಲ ಒಂದೀಟು ಮಲಗಿರತಾನ. ಒದರಿ ಎಬ್ಬಿಸೂದು ಪಾಪ," ಎಂದರು ಗೌಡರು.

ಹೆಂಕ್ ಸಾಹೇಬರು ಬಂದು, ಅಲ್ಲಿ ಯಾವ ಸಿಬ್ಬಂದಿಯೂ ಇಲ್ಲವೆಂದೂ, ಬಂದವರೇ ಸರಪಳಿ ಎಳೆದುಕೊಂಡು ದಾಟಿ, ಹಿಂದಿನವರಿಗೆ ದೋಣಿಯನ್ನು ಬಿಟ್ಟು ಹೋಗಬೇಕೆಂದೂ ತಿಳಿಸಿದರು. ನಾವಿಬ್ಬರೂ ಸರಪಳಿ ಎಳೆದೆವು. ನಡುನೀರಿನಲ್ಲಿ ಗೌಡರು ನಿಂತು, "ಯಾವನೂ ಸಾಹೇಬ ಇಲ್ಲ, ಯಾವನೂ ಜವಾನ ಇಲ್ಲ. ಆದ್ರೂ ದೋಣಿ ಕಳುವಾಗಿಲ್ಲ!" ಎಂದು ಬಹಳ ಹೊತ್ತು ಸರಪಳಿಯನ್ನೇ ನೋಡಿದರು. ಅವರ ಮನಸ್ಸು ಮೆತ್ತಗಾಗಿರಬಹುದೆಂದು ಪತ್ರವನ್ನು ಮತ್ತೆ ತೆಗೆದೆ.

"ಸರಪಳಿ ಹಿಡೀರಿ ಮೊದಲ. ಇಬ್ಬರೂ ಕೈ ಬಿಟ್ರ ಇಲ್ಲೇ ಇರತೀವಿ," ಎಂದರು.

ಮೂರನೆಯ ದಿನ: ಗೌರವದ ಪರಿಣಾಮ

ಮೂರನೆಯ ದಿನ ಗಾಳಿ ಮೊದಲ ಬಾರಿಗೆ ನಮ್ಮ ಬೆನ್ನಿಗೆ ಬಂತು. ಧೋತರ ಹಾಯಿಯಂತೆ ಉಬ್ಬಿ, ಗೌಡರು ಅನಪೇಕ್ಷಿತ ವೇಗವನ್ನು ಪಡೆದರು. ದಾರಿ ಕಿರಿದು. ಎಡಕ್ಕೆ ತುಂಬಿದ ಬಸಿಗಾಲುವೆ. ಆಪಿನ ಮರೆಯ ತಿರುವಿನಿಂದ ಒಬ್ಬ ವೃದ್ಧೆ ಎದುರಾದರು. ಅವರ ತಲೆ ಹತ್ತಿಯಷ್ಟು ಬಿಳುಪು.

ಗೌಡರು ಪೆಡಲನ್ನು ಹಿಂದಕ್ಕೆ ತುಳಿದು, ಎಡಕ್ಕೆ ಇಳಿದು, ದಾರಿಯ ನಡುವೆ ನಿಂತು ಕೈ ಮುಗಿದರು. ನಾನು ಹಿಂದಿನಿಂದ ಅವರ ಚಕ್ರಕ್ಕೆ ಹೊಡೆದೆ. ಮುಂದೆ ದಾರಿಯೇ ಉಳಿಯದ ಆ ತಾಯಿ ತಮ್ಮ ಬಲಕ್ಕೆ ಹ್ಯಾಂಡಲ್ ತಿರುಗಿಸಿದರು. ಬಲಕ್ಕೆ ಇದ್ದುದು ನೀರು.

ಕೈ ಮುಗಿದು ನಿಂತವರ ಕಣ್ಣೆದುರಿಗೆ, ಆ ಕೈಮುಗಿತದ ನೇರ ಪರಿಣಾಮವಾಗಿ, ಹಿರಿಯರೊಬ್ಬರು ಸೈಕಲ್ ಸಮೇತ ಗಟಾರದಲ್ಲಿ ಬಿದ್ದ ಪ್ರಸಂಗ ನಮ್ಮ ಸಂಪ್ರದಾಯದ ಚರಿತ್ರೆಯಲ್ಲಿ ಬಹುಶಃ ಇದೊಂದೇ.

"ಯವ್ವಾ!" ಎಂದು ಕೂಗಿದ ಗೌಡರು ಟೊಪ್ಪಿಗೆಯನ್ನೂ ತೆಗೆಯದೆ ನೀರಿಗೆ ಹಾರಿದರು. ನೀರು ಅವರ ಸೊಂಟದ ತನಕ ಬಂತು. "ಕೈ ಕೊಡ್ರಿ ಯವ್ವಾ, ಹೆದರಬ್ಯಾಡ್ರಿ. ಕುಲಕರ್ಣ್ಯಾರ, ಏನ್ ನೋಡತೀರಿ, ಸೈಕಲ್ ಹಿಡೀರಿ!"

ನಾನು ದಂಡೆಯಿಂದ ಸೈಕಲ್ಲನ್ನು ಎಳೆದೆ. ಗೌಡರು ತಾಯಿಯನ್ನು ಎತ್ತಿ ದಂಡೆಗೆ ಏರಿಸಿದರು. ಮೂವರ ಎಳೆದಾಟಕ್ಕೆ ಎರಡು ಮಾರಿನಷ್ಟು ದಂಡೆ ಕುಸಿದು ನೀರಿಗೆ ಸೇರಿತು. ದೈವಕೃಪೆಯಿಂದ ಆ ತಾಯಿಗೆ ತರಚು ಗಾಯವೂ ಆಗಿರಲಿಲ್ಲ. ಅವರು ಕೂದಲಿನಿಂದ ನೀರಹುಲ್ಲನ್ನು ತೆಗೆಯುತ್ತ ನಗುತ್ತಿದ್ದರು. ಅಷ್ಟರಲ್ಲಿ ಮುಂದೆ ಹೋಗಿದ್ದ ಹೆಂಕ್ ಸಾಹೇಬರು ಹಿಂತಿರುಗಿ ಓಡಿ ಬಂದರು.

"ಗೌಡ್ರ, ಇವರು ನಮ್ಮ ಅವ್ವಾರು ಅದಾರ! ನಿಮ್ಮನ್ನ ಊಟಕ್ಕ ಕರೀಲಿಕ್ಕೆ ಬಂದಿದ್ರು!"

ಗೌಡರು ಇನ್ನೂ ನೀರಿನಲ್ಲಿಯೇ ನಿಂತಿದ್ದರು. ನಾಚಿಕೆಯಿಂದ ಮಾತು ಬದಲಿಸಲೋ ಏನೋ, "ಇದು ಯಾರ ಹೊಲದ ನೀರ್ರಿ?" ಎಂದು ಕೇಳಿದರು.

"ಎಲ್ಲಾರದೂ ಅದ. ಮ್ಯಾಲಿನ ಎಲ್ಲಾ ಹೊಲದ ನೀರು ಇಲ್ಲೇ ಬರತದ. ಕೊನೀಗೆ ನಮ್ಮ ಅವ್ವಾರ ಹೊಲ. ಅಲ್ಲಿಂದ ಸಮುದ್ರಕ್ಕ ಪಂಪ್ ಮಾಡತಾರ."

ಗೌಡರು ತಮ್ಮ ಸೊಂಟದ ಸುತ್ತಲಿನ ನೀರನ್ನು ನೋಡಿಕೊಂಡರು. ಪತ್ರವನ್ನು ತೆಗೆಯಲು ಇದಕ್ಕಿಂತ ತಕ್ಕ ಸಂದರ್ಭ ಬರಲಾರದೆಂದು ನನಗೆ ಅನ್ನಿಸಿತಾದರೂ, ಆ ಮುಖವನ್ನು ಕಂಡು ಧೈರ್ಯ ಸಾಲಲಿಲ್ಲ.

ಅದೇ ದಿನ ಮಧ್ಯಾಹ್ನ: ತಾಯಿಯವರ ಹೊಲ

ಧೋತರ ಒಣಗುವ ತನಕ ಗೌಡರು ಹೆಂಕ್ ಸಾಹೇಬರ ಪ್ಯಾಂಟನ್ನು ಧರಿಸಬೇಕಾಯಿತು. ಮಲ್ಲನಗೌಡರನ್ನು ಪ್ಯಾಂಟಿನಲ್ಲಿ ಕಂಡ ಏಕೈಕ ಭಾರತೀಯ ನಾನು. ಅವರು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ, ನಾವು ಒಯ್ದಿದ್ದ ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ತಾಯಿಯವರ ಮುಂದೆ ಪ್ರಾಯಶ್ಚಿತ್ತವೆಂಬಂತೆ ಇಟ್ಟರು. ಆ ತಾಯಿ ಚಟ್ನಿಯನ್ನು ತಿಂದು, ಕಣ್ಣೊರೆಸಿಕೊಂಡು, ಇನ್ನಷ್ಟು ಕೇಳಿದರು.

ಊಟವಾದ ಮೇಲೆ ನಾಲ್ವರು ರೈತರು ಉದ್ದದ ಅಳತೆಗೋಲು ಹಿಡಿದು ಸೈಕಲ್ ಮೇಲೆ ಬಂದರು. ಆ ದೇಶದಲ್ಲಿ ನೀರಿಗೆಂದೇ ಒಂದು ಪಂಚಾಯಿತಿ ಇದೆ. ಪ್ರತಿ ವರ್ಷ ಚಳಿಗಾಲದ ಮಳೆಗೆ ಮುಂಚೆ ಸಮಿತಿಯೊಂದು ಬಸಿಗಾಲುವೆಗಳ ತಪಾಸಣೆ ಮಾಡುತ್ತದೆ. ಯಾರ ಹೊಲದ ಅಂಚಿನಲ್ಲಿ ಹೂಳು, ಹುಲ್ಲು ಅಥವಾ ಕುಸಿತ ಕಂಡರೂ ಆ ಹೊಲದವರಿಗೆ ಸ್ಥಳದಲ್ಲಿಯೇ ನೋಟೀಸು. ಈ ಸಮಿತಿಯ ಅಧ್ಯಕ್ಷೆ ಹೆಂಕ್ ಸಾಹೇಬರ ತಾಯಿಯವರೇ! ಅವರು ಒಣಬಟ್ಟೆ ಉಟ್ಟು, ರಬ್ಬರ್ ಬೂಟು ತೊಟ್ಟು, ನೋಟೀಸು ಪುಸ್ತಕವನ್ನು ಬಗಲಿಗಿಟ್ಟುಕೊಂಡು ಹೊರಟರು. ನಾವೂ ಹಿಂದೆ ನಡೆದೆವು.

ಎರಡು ಹೊಲ ದಾಟಿದ ಮೇಲೆ ಕುಸಿದ ದಂಡೆ ಬಂತು. ಅದು ತಾಯಿಯವರ ಹೊಲದ ಅಂಚು. ನಾಲ್ವರು ರೈತರು ಅಳತೆಗೋಲು ಊರಿ ನಿಂತು, ಆಕಾಶವನ್ನು ನೋಡಿದರು. ನಮ್ಮಲ್ಲಾದರೆ ಈ ಹಂತದಲ್ಲಿ "ಮುಂದ ನಡೀರಿ, ಅದೇನ್ ಮಹಾ" ಎಂದು ತಪಾಸಣೆ ಮುಂದಕ್ಕೆ ಸಾಗುತ್ತಿತ್ತು. ತಾಯಿಯವರು ಪುಸ್ತಕ ತೆರೆದು ತಮ್ಮ ಹೆಸರಿಗೆ ನೋಟೀಸು ಬರೆದರು, ಅಧ್ಯಕ್ಷೆಯಾಗಿ ಸಹಿ ಮಾಡಿದರು, ಹರಿದರು, ಬಲಗೈಯಿಂದ ಎಡಗೈಗೆ ಕೊಟ್ಟುಕೊಂಡರು, ಮುಟ್ಟಿದ್ದಕ್ಕೆ ಮತ್ತೊಂದು ಸಹಿ ಮಾಡಿದರು.

ಗೌಡರು ಹೆಂಕ್ ಸಾಹೇಬರನ್ನು ಬದಿಗೆ ಕರೆದರು. "ಇದೇನ್ ಆಟಾರಿ ಸಾಹೇಬ್ರ?"

"ಆಟ ಅಲ್ರಿ ಗೌಡ್ರ. ಕಮಿಟಿದಾಗ ಅವ್ವ ಬ್ಯಾರೆ, ಹೊಲದಾಗ ಅವ್ವ ಬ್ಯಾರೆ."

"ತಪ್ಪು ನಮ್ದು, ನೋಟೀಸ ಅವರಿಗೆ?"

"ದಂಡಿ ಯಾರದೋ ಅವರಿಗೆ ನೋಟೀಸ. ಎರಡು ವಾರದಾಗ ಸರಿ ಮಾಡಬೇಕು. ಇಲ್ಲಂದ್ರ ಅವ್ವ ಅವ್ವಗ ದಂಡ ಹಾಕತಾರ."

ಗೌಡರು ನನ್ನ ಕಡೆಗೆ ತಿರುಗಿದರು.

"ಕುಲಕರ್ಣ್ಯಾರ, ನಾ ನನಗ ಎಷ್ಟು ನೋಟೀಸ ಕೊಟ್ಟೇನ್ರಿ?"

"ಮೂರು ಕೊಟ್ಟೀರ್ರಿ."

"ಉತ್ತರ ಎಷ್ಟು ಬಂದಾವು?"

"ಒಂದೂ ಬಂದಿಲ್ರಿ."

"ಭಾಳ ಸೊಕ್ಕಿನ ಮನಷ್ಯಾ ಕಾಣತಾನ," ಎಂದರು ಗೌಡರು.

ನಾಲ್ಕನೆಯ ದಿನ: ಸಲಿಕೆ ಮತ್ತು ನಕ್ಷೆ

ದಂಡೆಯನ್ನು ತಾವೇ ಕಟ್ಟಿಕೊಡುವುದಾಗಿ ಗೌಡರು ಹಟ ಹಿಡಿದರು. ಆ ದಿನದ ಸೈಕಲ್ ಪ್ರಯಾಣ ರದ್ದಾಯಿತು. ಗೂಟ ಬಡಿದು, ಗೂಟಗಳ ನಡುವೆ ಹಸಿ ಟೊಂಗೆ ಹೆಣೆದು, ಹಿಂದೆ ಹುಲ್ಲಿನ ಹೆಂಟೆ ತುಂಬುವುದು ಅಲ್ಲಿಯ ಪದ್ಧತಿ. ನಮ್ಮಲ್ಲಿ ಹಳ್ಳದ ದಂಡೆಗೆ ಲಕ್ಕಿ ಗಿಡದ ಟೊಂಗೆ ಹೆಣೆಯುವುದೂ ಹೀಗೆಯೇ. ಪ್ಯಾಂಟನ್ನು ಮೊಣಕಾಲಿಗೆ ಮಡಚಿದ ಗೌಡರು ಸಲಿಕೆ ಹಿಡಿದ ಪರಿಗೆ ನಾಲ್ವರು ರೈತರೂ ಬಂದು ನೋಡಿ ತಲೆದೂಗಿದರು. ನಾನು ಟೊಂಗೆ ಒಯ್ದು ಕೊಡುತ್ತಿದ್ದೆ.

ಕೆಲಸ ಮುಗಿಯುವ ಹೊತ್ತಿಗೆ ಗೌಡರು ಒಂದು ಹುಲ್ಲುಕಡ್ಡಿಯನ್ನು ನೀರಿನಲ್ಲಿ ಬಿಟ್ಟರು. ಅದು ನೇರವಾಗಿ ಮೆಲ್ಲನೆ ತೇಲಿ ಹೋಯಿತು.

"ನಕ್ಷಾ ತಗೀರಿ," ಎಂದರು.

ಸಹಿಯ ಕಾಲ ಬಂತೆಂದು ಹಿಗ್ಗಿ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿದೆ. ಗೌಡರು ಪತ್ರವನ್ನು ಮಡಚಿ ನನಗೇ ಹಿಂತಿರುಗಿಸಿ, ನಕ್ಷೆಯನ್ನು ಹುಲ್ಲಿನ ಮೇಲೆ ಹಾಸಿ, ಕೆಸರು ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿದರು.

"ಇಲ್ಲಿ ತನಕ ನೆಟ್ಟಗ ಬಂದೈತಿ. ನನ್ನ ಹೊಲದಾಗೂ ನೆಟ್ಟಗ. ನನ್ನ ಹೊಲಾ ಮುಗಿದ ಕೂಡಲೇ ಹಳ್ಳ ಎದುರಿಗೇ ಐತಿ. ಮತ್ತ ಗಟಾರ ಇಲ್ಲಿ ಯಾಕ ಮೊಣಕಾಲ ಮುರಕೊಂಡಂಗ ನನ್ನ ಹೊಲದಾಗನ ಹೊಳ್ಳೇತ್ರಿ?"

"ಅದು ತಾಂತ್ರಿಕ ಕಾರಣ್ರಿ ಗೌಡ್ರ," ಎಂದೆ.

"ತಾಂತ್ರಿಕ ಕಾರಣಕ್ಕ ಸರ್ವೇ ನಂಬರ ಇರತೈತೇನ್ರಿ?"

ವಾಚಕರಿಂದ ಒಂದು ಸಂಗತಿಯನ್ನು ಇದುವರೆಗೆ ಮುಚ್ಚಿಟ್ಟಿದ್ದಕ್ಕಾಗಿ ಪ್ರತ್ಯೇಕ ಕ್ಷಮೆ ಕೋರುತ್ತೇನೆ. ಗೌಡರ ಹೊಲಕ್ಕೂ ಹಳ್ಳಕ್ಕೂ ನಡುವೆ ಎರಡು ಎಕರೆ ಹೊಲವಿದೆ. ಅದು ನನ್ನದು. ಹಿರಿಯರಿಂದ ಬಂದದ್ದರಲ್ಲಿ ಉಳಿದುದು ಅಷ್ಟೇ. ನಕ್ಷೆಯನ್ನು ಬರೆದವನೂ ನಾನೇ. ಬಸಿಗಾಲುವೆಯ ಗೆರೆಯು ನನ್ನ ಬದುವಿನ ತನಕ ಬಂದು, ಅಲ್ಲಿಂದ ಬಲಕ್ಕೆ ತಿರುಗಿ, ಗೌಡರ ಹೊಲವನ್ನು ಇನ್ನೊಂದು ಸುತ್ತು ಸುತ್ತಿ ಹಳ್ಳವನ್ನು ಸೇರುವಂತೆ ಬರೆದಿದ್ದೆ. ಅಲ್ಲಿ ನೆಲ ಏರು. ನೀರು ಆ ಕಡೆಗೆ ಹೋಗುವುದಿಲ್ಲವೆಂಬುದು ನನಗೆ ಗೊತ್ತಿತ್ತು.

ಗೌಡರು ಬೈಯಲಿಲ್ಲ. ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ ಹೇಳಿದರು: "ಮೊದಲನೇ ನೋಟೀಸಿನ ಕೂಡ ನಕ್ಷಾ ಬಂದಾಗನ ನೋಡೇನಿ. ಎರಡ ವರ್ಷ ಕಾದ್ನಿರಿ, ನೀವಾಗೇ ತಿದ್ದತೀರೇನಂತ."

"ಆಗನ ಹೇಳಬೇಕಿತ್ತಲ್ರಿ," ಎಂದೆ.

"ಕಮಿಟಿ ಮುಂದ ಹೇಳಿದ್ರ ನಿಮ್ಮ ಮಾನಾ ಹೋಗತಿತ್ತು. ನಿಮ್ಮ ತಂದಿ ನನಗ ಅಕ್ಷರಾ ತಿದ್ದಿಸ್ಯಾರ. ಅವರ ಮಗನ್ನ ಪಂಚರ ಮುಂದ ನಿಲ್ಲಸೂದ್ಕಿಂತ, ಗೌಡಗ ಸೊಕ್ಕು ಅಂತ ಮಂದಿ ಆಡಿಕೊಳ್ಳೂದು ಚಲೋ ಅನಿಸ್ತು." ಅವರೇ ಸೇರಿಸಿದರು: "ಬಚ್ಚಲ ನೀರು ಅಂದದ್ದೂ ಸುಳ್ಳಲ್ಲ ಮತ್ತ. ಸೊಕ್ಕೂ ಐತಿ. ಅರ್ಧಾ ಅದು, ಅರ್ಧಾ ಇದು."

ಕಾಫಿ ತಂದ ತಾಯಿಯವರು ನಕ್ಷೆಯ ಮೇಲೆ ಬಗ್ಗಿದರು. ಭಾಷೆ ಬಾರದ ಅವರ ಬೆರಳು ನೇರವಾಗಿ ಬಂದು ಆ ತಿರುವಿನ ಮೇಲೆಯೇ ನಿಂತಿತು. ಅವರು ಏನೋ ಹೇಳಿದರು. ಹೆಂಕ್ ಸಾಹೇಬರು ಅನುವಾದಿಸಲು ಸ್ವಲ್ಪ ಹಿಂದೆ ಮುಂದೆ ನೋಡಿ, ಕೊನೆಗೆ ಹೇಳಿದರು:

"ಹಿಂಗ ತಿರುಗಿದ ಕಾಲಿವಿ ನಮ್ಮ ದೇಶದಾಗೂ ಅದಾವಂತ್ರಿ. ಎಲ್ಲಾ ಸೆಕ್ರೆಟರಿ ಹೊಲದ ಮುಂದ."

ಗೌಡರು ಜೋರಾಗಿ ನಕ್ಕರು. ಆಮೇಲೆ ಪೆನ್ನನ್ನು ನನ್ನ ಮುಂದೆ ಹಿಡಿದು, "ಗೆರಿ ನೆಟ್ಟಗ ಮಾಡ್ರಿ. ಮೊದಲ ನಿಮ್ಮ ಸಹಿ, ಆಮ್ಯಾಲ ನಂದು," ಎಂದರು.

ನಾನು ಪೆನ್ನು ಹಿಡಿಯಲಿಲ್ಲ. ಎರಡು ಎಕರೆಯಲ್ಲಿ ಅಷ್ಟಗಲದ ಪಟ್ಟಿ ಹೋದರೆ ಉಳಿಯುವುದೇನು? ಮನೆಯಲ್ಲಿ ಏನು ಹೇಳಲಿ? ಊರವರ ನೀರು ನನ್ನ ಹೊಲದಲ್ಲಿ ಯಾಕೆ ಹರಿಯಬೇಕು? ಇವೆಲ್ಲ ಮನಸ್ಸಿನಲ್ಲಿ ಹಾದುಹೋದವು. ಬಾಯಿಂದ ಹೊರಬಿದ್ದ ಮಾತು ಮಾತ್ರ ಒಂದೇ:

"ವಿಚಾರ ಮಾಡತೇನ್ರಿ."

ಐದನೆಯ ದಿನ: ಕಡಲ ಒಡ್ಡು

ಕೊನೆಯ ದಿನ ಕಡಲ ಒಡ್ಡಿನ ಮೇಲೆ ಗಾಳಿಗೆ ಎದುರಾಗಿ ಹೊರಟೆವು. ಧೋತರ ಒಣಗಿತ್ತು. ಗೌಡರು ಈಗ ಬಲಕ್ಕೆ ಇಳಿಯಲು ಕಲಿತಿದ್ದರು. ಆದ್ದರಿಂದ ಯಾರೂ ನೀರಿಗೆ ಬೀಳಲಿಲ್ಲ. ಸಹಿಯ ಪ್ರಸ್ತಾಪವನ್ನು ಅವರು ಎತ್ತಲಿಲ್ಲ. ನಾಲ್ಕು ದಿನ ಅವರ ಬೆನ್ನು ಹಿಡಿದು ಪೀಡಿಸಿದವನು ನಾನು. ನನ್ನನ್ನು ಪೀಡಿಸಲು ಮಾತ್ರ ಯಾರೂ ಇರಲಿಲ್ಲ. ಅದು ಹೆಚ್ಚು ಕಷ್ಟಕರವೆಂದು ಅನುಭವಕ್ಕೆ ಬಂತು.

ಒಡ್ಡಿನ ಒಂದು ಬದಿಗೆ ಪಂಪಿನ ಮನೆ. ಅಲ್ಲಿ ಬಸಿಗಾಲುವೆಗಳೆಲ್ಲ ಒಂದಾಗಿ ಬಂದು, ಯಂತ್ರಗಳ ಮೂಲಕ ಏರಿ ಸಮುದ್ರಕ್ಕೆ ಬೀಳುತ್ತವೆ. ಯಾರ ಹೊಲದ ನೀರು ಯಾವುದೆಂದು ಬೀಳುವಾಗ ಗುರುತಿಸಲಾಗುವುದಿಲ್ಲ. ನಮ್ಮೂರಿನ ತಗ್ಗಿನ ಹೊಲದವರು ಕಣ್ಣ ಮುಂದೆ ಬಂದರು. ಅವರು ಪ್ರತಿ ತಿಂಗಳು ಕಚೇರಿಯ ಕಟ್ಟೆಗೆ ಬಂದು, "ಗೌಡ್ರು ಒಪ್ಪಿದ್ರೇನ್ರಿ ಸಾಹೇಬ್ರ?" ಎಂದು ನನ್ನನ್ನು ಕೇಳಿ ಹೋಗುತ್ತಿದ್ದರು. ಪ್ರತಿ ತಿಂಗಳೂ ನಾನು ಮುಖ ಸಪ್ಪಗೆ ಮಾಡಿ, "ಇಲ್ರಿ, ಏನ್ ಮಾಡೂದು, ದೊಡ್ಡ ಮಂದಿ," ಎನ್ನುತ್ತಿದ್ದೆ. ಅವರು ಗೌಡರಿಗೆ ಶಾಪ ಹಾಕಿ, ನನಗೆ ಕೈಮುಗಿದು ಹೋಗುತ್ತಿದ್ದರು.

ನಾನು ಸೈಕಲ್ ಇಳಿದೆ. ಎದುರಿಗೆ ಯಾವ ಹಿರಿಯರೂ ಬರುತ್ತಿರಲಿಲ್ಲ.

"ಯಾಕ್ರಿ, ಪಂಕ್ಚರ್?" ಎಂದು ಗೌಡರು ತಿರುಗಿ ನೋಡಿದರು.

"ಇಲ್ರಿ. ಗೌಡ್ರ, ಈ ಕಾಗದ ಹಾರದಂಗ ಒಂದೀಟು ಹಿಡೀರಿ."

ಸೈಕಲ್ ಸೀಟಿನ ಮೇಲೆ ನಕ್ಷೆ ಹಾಸಿದೆ. ಗೌಡರು ಎರಡೂ ಕೈಗಳಿಂದ ಒತ್ತಿ ಹಿಡಿದರು. ತಿರುವಿನ ಗೆರೆಯನ್ನು ಹೊಡೆದು ಹಾಕಿ, ನನ್ನ ಎರಡು ಎಕರೆಯ ನಡುವಿನಿಂದ ಹಳ್ಳದ ತನಕ ನೇರ ಗೆರೆ ಎಳೆದೆ. ಗಾಳಿಗೆ ಅದು ಸ್ವಲ್ಪ ನಡುಗಿದೆ. ಅದರ ಮೇಲೆ ಒಪ್ಪಿಗೆ ಪತ್ರವನ್ನಿಟ್ಟು, ಕೆಳಗೆ ಜಮೀನುದಾರನೆಂದು ಸಹಿ ಮಾಡಿದೆ. ಗೌಡರು ಒಂದು ಕೈ ಬಿಟ್ಟು ಪೆನ್ನು ತೆಗೆದುಕೊಂಡರು.

"ಮೂರೂ ನೋಟೀಸಿಗೆ ಕೂಡೇ ಇದ ಒಂದ ಉತ್ತರ ಅಂತ ಬರಕೋರಿ," ಎಂದು ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ಹೆಂಕ್ ಸಾಹೇಬರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಬಸಿಗಾಲುವೆಯ ಕೆಲಸ ಈ ವರ್ಷದ ಸುಗ್ಗಿಯ ನಂತರ ಮುಗಿದಿದೆ. ತಗ್ಗಿನ ಹೊಲಗಳಲ್ಲಿ ಮೊದಲ ಸಲ ಕಾಲು ಹೂಳದೆ ನಡೆದಾಡಬಹುದಾಗಿದೆ. ನನ್ನ ಎರಡು ಎಕರೆಯನ್ನು ಗಟಾರವು ಎರಡು ತುಂಡು ಮಾಡಿದೆ. ಮನೆಯಲ್ಲಿ ಇನ್ನೂ ಅಸಮಾಧಾನವಿದೆ. ಊರಿನವರು ಗೌಡರನ್ನು ಹೊಗಳುತ್ತಿದ್ದಾರೆ, ಹಾಲೆಂಡಿಗೆ ಹೋಗಿ ಬಂದು ಸುಧಾರಿಸಿದರೆಂದು. ಗೌಡರು ಅದನ್ನೂ ತಿದ್ದಲಿಲ್ಲ. ನಕ್ಷೆಯ ಸಂಗತಿಯನ್ನು ಅವರು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಆದ್ದರಿಂದ ನಾನೇ ಇಲ್ಲಿ ದಾಖಲಿಸಿದ್ದೇನೆ.

ಈ ಬರಹದಲ್ಲಿ ಅಕ್ಷರದ್ದಾಗಲಿ, ವಾಕ್ಯದ್ದಾಗಲಿ, ಸತ್ಯದ್ದಾಗಲಿ ಯಾವುದೇ ತಪ್ಪು ವಾಚಕರ ಕಣ್ಣಿಗೆ ಬಿದ್ದಲ್ಲಿ, ಕೆಂಪು ಶಾಯಿಯಿಂದ ತಿದ್ದಿ ಸಂಘದ ಕಚೇರಿಗೆ ಮುಟ್ಟಿಸಬೇಕಾಗಿ ಕಳಕಳಿಯ ವಿನಂತಿ. ನನ್ನ ಮಾನದ ಸಲುವಾಗಿ ಇನ್ನು ಯಾರೂ ಎರಡು ವರ್ಷ ಸುಮ್ಮನಿರಬಾರದು.